ಸುದ್ದಿವಾಹಿನಿಗಳ ಕೋಮು ನಿರೂಪಣೆ: ದೂರು ಕೊಟ್ಟರೆ ಏನಾದರೂ ಆಗುತ್ತಾ?

ಜಯನಗರದ ಓದುಗ: ಆರೋಪಿ ಮುಸ್ಲಿಮನಾದರೆ ಸಾಕು, ರಾಷ್ಟ್ರೀಯ ವಾಹಿನಿಗಳು ಇಡೀ ಸಮುದಾಯವನ್ನೇ ಕಟಕಟೆಗೆ ಹತ್ತಿಸುತ್ತವೆ. ಮರುದಿನ ಅದೇ ಕ್ಲಿಪ್ಪು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಬರುತ್ತೆ, ತಳ್ಳುಗಾಡಿಯವರ ಹೆಸರು ವಿಚಾರಿಸೋದು ಶುರುವಾಗುತ್ತೆ. ದೂರು ಕೊಡೋದು ಹೇಗೆ?

ಹಳೇ ಡೆಸ್ಕು: ಗಡುವು ತಪ್ಪಿಸಬೇಡಿ. ಪ್ರಸಾರವಾದ 7 ದಿನದೊಳಗೆ ಮೊದಲು ವಾಹಿನಿಗೇ ಬರೆಯಬೇಕು. ಕುಂದುಕೊರತೆ ಅಧಿಕಾರಿಯ ಇಮೇಲ್ ಅವರ ವೆಬ್‌ಸೈಟಿನಲ್ಲಿರುತ್ತೆ. ಉತ್ತರ ಬಾರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, 14 ದಿನದೊಳಗೆ ಎನ್‌ಬಿಡಿಎಸ್‌ಎಗೆ, ಅಂದರೆ ಸುದ್ದಿವಾಹಿನಿಗಳೇ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆಗೆ. ವಾಹಿನಿ ಅದರ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

"ಈ ಚಾನೆಲ್ ಯಾವಾಗಲೂ ಹೀಗೇ" ಎಂದು ಬರೆದರೆ ದೂರು ನಿಲ್ಲೋದಿಲ್ಲ. ದಿನಾಂಕ, ಹೊತ್ತು, ಎಷ್ಟನೇ ನಿಮಿಷ, ಆಂಕರ್ ಆಡಿದ ಮಾತು ಅಕ್ಷರಶಃ, ಕೆಳಗೆ ಓಡುವ ಸ್ಕ್ರೋಲ್, ಹಿಂದಿನ ಪರದೆಯ ಚಿತ್ರ, ಎಲ್ಲ ಬೇಕು. ಚರ್ಚೆಯಲ್ಲಿ ಆಂಕರ್ ಜಾಣತನದಿಂದ ಪ್ರಶ್ನೆ ಮಾತ್ರ ಕೇಳಿರುತ್ತಾರೆ. ತೀರ್ಪು ಇರೋದು ಸ್ಕ್ರೋಲ್‌ನಲ್ಲಿ. ಯೂಟ್ಯೂಬ್ ಲಿಂಕ್ ಅಳಿಸಿಹೋಗಬಹುದು, ಸ್ಕ್ರೀನ್ ರೆಕಾರ್ಡ್ ಇಟ್ಟುಕೊಳ್ಳಿ. ಕೇಬಲ್ ಟಿವಿ ನಿಯಮ 6(1)(ಸಿ) ಉಲ್ಲೇಖಿಸಿ: ಧರ್ಮ, ಸಮುದಾಯಗಳ ಮೇಲಿನ ದಾಳಿಗೆ, ಕೋಮುಭಾವನೆ ಬೆಳೆಸುವುದಕ್ಕೆ ಅಲ್ಲಿ ನಿಷೇಧವಿದೆ.

ಕಬ್ಬನ್‌ಪೇಟೆಯ ಓದುಗ: ಎನ್‌ಬಿಡಿಎಸ್‌ಎ ಹಾಕುವ ದಂಡ 2023ರವರೆಗೂ 1 ಲಕ್ಷ ದಾಟುತ್ತಿರಲಿಲ್ಲವಲ್ಲ ಸಾರ್! ಇದು ಸಾಲದು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕೊರೊನಾ ಹರಡಿದ್ದು ತಬ್ಲೀಗ್ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯವರೇ ಎಂಬ ಗದ್ದಲ ಎದ್ದದ್ದು 2020ರ ಮಾರ್ಚ್-ಏಪ್ರಿಲ್‌ನಲ್ಲಿ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಮಾಧ್ಯಮಗಳ ಅಪಪ್ರಚಾರವನ್ನೂ ಟೀಕಿಸಿತು. ಅಷ್ಟರಲ್ಲಿ ಹಣ್ಣಿನ ಗಾಡಿಯವರ ವ್ಯಾಪಾರ ಕೆಟ್ಟಾಗಿತ್ತು.

ಹಳೇ ಡೆಸ್ಕು: ತಡ ಆಗೋದು ನಿಜ. ಆದರೆ ಅದೇ ತಬ್ಲೀಗ್ ವಿಷಯದಲ್ಲಿ ಬೆಂಗಳೂರಿನ ಒಂದು ನಾಗರಿಕ ಗುಂಪು ಕೊಟ್ಟ ದೂರಿನ ಮೇಲೆ 2021ರ ಜೂನ್‌ನಲ್ಲಿ ಎರಡು ಕನ್ನಡ ವಾಹಿನಿಗಳಿಗೆ ದಂಡ ಬಿತ್ತು, ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50,000. ದೆಹಲಿಯವರನ್ನಷ್ಟೇ ಬೈದರೆ ಆಗೋಲ್ಲ ನೋಡಿ. ದೂರಿನಲ್ಲಿ ದಂಡಕ್ಕಿಂತ ಆ ವಿಡಿಯೊ ಅಳಿಸಿಹಾಕುವುದನ್ನೇ ಒತ್ತಿ ಕೇಳಿ. ಹರಡುತ್ತಲೇ ಇರೋದು ಅದೇ.

ಪುಟವಿನ್ಯಾಸ: ಸುಳ್ಳು ಹೇಳದೆಯೂ ಕೆಡಿಸಬಹುದು. 2021ರ ಮೇನಲ್ಲಿ ಬೆಂಗಳೂರು ದಕ್ಷಿಣದ ಕೋವಿಡ್ ವಾರ್ ರೂಮಿನ 200ಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ ಮುಸ್ಲಿಮರ ಹೆಸರುಗಳನ್ನಷ್ಟೇ ಸಂಸದ ತೇಜಸ್ವಿ ಸೂರ್ಯ ಕ್ಯಾಮೆರಾ ಮುಂದೆ ಓದಿದರು. ಹೆಸರುಗಳು ನಿಜ, ಆಯ್ಕೆ ಮೋಸ. ಇಂಥದ್ದರಲ್ಲಿ ಬಿಟ್ಟ ಮಾಹಿತಿಯನ್ನೇ ದೂರಿನಲ್ಲಿ ತೋರಿಸಿ. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ, ಆಮೇಲೆ ಪ್ರೆಸ್ ಕೌನ್ಸಿಲ್‌ಗೆ. ದಿನಪತ್ರಿಕೆಗೆ 2 ತಿಂಗಳ ಗಡುವು. ಅಲ್ಲಿ ದಂಡವಿಲ್ಲ, ಛೀಮಾರಿ ಮಾತ್ರ.