ಜ್ವರ ಬಿಟ್ಟಿತು ಅಂತ ಸುಮ್ನಿರಬೇಡಿ: ಡೆಂಗಿ ಪ್ರಶ್ನೋತ್ತರ

ಅಡ್ಮಿನ್: ಇವತ್ತು ರಾತ್ರಿ 8ರಿಂದ ನಮ್ಮ ಗುಂಪಿನಲ್ಲಿ ಡಾಕ್ಟ್ರು ಡೆಂಗಿ ಬಗ್ಗೆ ಉತ್ತರಿಸುತ್ತಾರೆ. ಕೇಳುವವರ ಹೆಸರಿನ ಬದಲು ಅವರವರ ಊರಿನ ಹೆಸರು ಇರುತ್ತದೆ.

ಪೆರ್ಲ: ಡಾಕ್ಟ್ರೇ, ಜ್ವರ ಬರಿಸುವುದು ವೈರಸ್ಸಾ, ನಮ್ಮ ದೇಹವಾ?

ಡಾಕ್ಟರ್: ದೇಹವೇ. ವೈರಸ್ ಜೀವಕೋಶದೊಳಗೆ ತನ್ನ ನಕಲು ಮಾಡುವಾಗ ಎರಡೆಳೆಯ ಉದ್ದನೆಯ ಆರ್‌ಎನ್‌ಎ (ವೈರಸ್ಸಿನ ಮಾಹಿತಿ ಹೊತ್ತ ಎಳೆ) ಹುಟ್ಟುತ್ತದೆ. ಅಷ್ಟುದ್ದದ್ದು ನಮ್ಮ ಕೋಶದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರಿಗ್-ಐ, ಎಂಡಿಎ5 ಎಂಬ ಪ್ರೋಟೀನುಗಳು ಅದರ ಗುರುತು ಹಿಡಿಯುತ್ತವೆ. ಕೂಡಲೇ ಕೋಶ ಇಂಟರ್‌ಫೆರಾನ್ ಎಂಬ ಸಂದೇಶದ ಪ್ರೋಟೀನು ಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಜೊತೆಗೆ ಹೊರಡುವ ಬೇರೆ ಸಂದೇಶಗಳು ಮೆದುಳಿಗೆ ಮುಟ್ಟಿ ಮೈ ಬಿಸಿಯಾಗುತ್ತದೆ.

ಕುಂಬಳೆ: ಪಪ್ಪಾಯಿ ಎಲೆ ರಸ ಕುಡಿಸಿದರೆ ಪ್ಲೇಟ್‌ಲೆಟ್ ಏರುತ್ತದೆ ಅಂತ ಫಾರ್ವರ್ಡ್ ಬಂದಿದೆ. ಹೌದಾ?

ಡಾಕ್ಟರ್: ಅದನ್ನು ನಂಬಿ ಆಸ್ಪತ್ರೆಗೆ ತಡ ಮಾಡಬೇಡಿ. ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತಾ ಕೂರಬೇಡಿ.

ಬದಿಯಡ್ಕ: ನನ್ನ ಅತ್ತೆಗೆ 58 ವರ್ಷ. ಎರಡು ವರ್ಷದ ಹಿಂದೆ ಡೆಂಗಿ ಆಗಿತ್ತು. ಈಗ ಮತ್ತೆ ಪಾಸಿಟಿವ್. ಇವತ್ತು ಐದನೇ ದಿನ, ಜ್ವರ ಬಿಟ್ಟಿದೆ. ಆದರೆ ಹೊಟ್ಟೆನೋವು ಜೋರು, ಗಂಜಿ ಕುಡಿದರೂ ವಾಂತಿ. ನಾಳೆ ಕರೆದುಕೊಂಡು ಹೋದರೆ ಸಾಕಾ?

ಡಾಕ್ಟರ್: ನಾಳೆ ಅಲ್ಲ ಅಕ್ಕ, ಈಗಲೇ ಹೊರಡಿ. ರಾತ್ರಿ ಅಡ್ಮಿಟ್ ಮಾಡಿಕೊಳ್ಳುವ ಆಸ್ಪತ್ರೆಗೇ ಹೋಗಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ಹೆಚ್ಚಾಗಿ 3ರಿಂದ 7ನೇ ದಿನದೊಳಗೆ. ಆಗಲೇ ಹೇಳಿದ ಸಂದೇಶಗಳು ಮಿತಿ ಮೀರಿದರೆ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ರಕ್ತದ ನೀರಿನಂಶ ಹೊರಗೆ ಸೋರಿ ಬಿಪಿ ಬಿದ್ದುಹೋಗಬಹುದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ ಅದರ ಮುನ್ಸೂಚನೆ. ಡೆಂಗಿ ವೈರಸ್ಸಿನಲ್ಲಿ 4 ಬಗೆ ಇದೆ. ಮೊದಲ ಸಲ ವೈರಸ್ ತಡೆಯಲು ದೇಹದಲ್ಲಿ ಹುಟ್ಟಿದ ಆ್ಯಂಟಿಬಾಡಿ ಎಂಬ ಪ್ರೋಟೀನು, ಬೇರೆ ಬಗೆಯ ವೈರಸ್ ಬಂದಾಗ ಅದನ್ನು ತಡೆಯುವ ಬದಲು ಕೋಶದೊಳಗೆ ಹೋಗಲು ದಾರಿ ಮಾಡಿಕೊಡುವುದುಂಟು. ಎರಡನೇ ಸಲ ಅಂದದ್ದಕ್ಕೇ ನನಗೆ ಹೆದರಿಕೆ. ಕೈಕಾಲು ತಣ್ಣಗಿದೆಯಾ? ಮೂತ್ರ ಕಡಿಮೆಯಾಗಿದೆಯಾ? ಬ್ರೂಫೆನ್, ಡೈಕ್ಲೋದಂಥ ನೋವಿನ ಮಾತ್ರೆ ಕೊಡಲೇಬೇಡಿ. ಹೊರಟ ಕೂಡಲೇ ಇಲ್ಲಿ ತಿಳಿಸಿ.

ನೀರ್ಚಾಲು: ಅಮೃತಬಳ್ಳಿ ಕಷಾಯ ಕುಡಿದರೆ ರೋಗನಿರೋಧಕ ಶಕ್ತಿ ಜಾಸ್ತಿ ಆಗುತ್ತದಲ್ಲ?

ಮಂಜೇಶ್ವರ: ಆ ಶಕ್ತಿಯೇ ಮಿತಿ ಮೀರಿದರೆ ಅಪಾಯ ಅಂತ ಡಾಕ್ಟ್ರು ಈಗಷ್ಟೇ ಬರೆದರಲ್ಲ ಭಾವ. ಓದಿ ಮಾತಾಡಿ.

ನೀರ್ಚಾಲು: ದುಡ್ಡಿದ್ದವರಿಗೆ ಮಂಗಳೂರು ಆಸ್ಪತ್ರೆ. ನಮಗೆ ಅಜ್ಜಿ ಹೇಳಿಕೊಟ್ಟ ಮದ್ದೇ ಗತಿ.

ಪೆರ್ಲ: ಜಗಳ ಬಿಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಂತು ನುಸಿ ಹುಟ್ಟುತ್ತಿದೆ. ಅದನ್ನು ಹೆಕ್ಕುವವರು ಯಾರು?

ನೀರ್ಚಾಲು: ಮೊದಲು ನಿಮ್ಮ ತೋಟದ್ದು ಹೆಕ್ಕಿ.

ಉಪ್ಪಳ: ಚಿಕುನ್‌ಗುನ್ಯಾ ಬಂದು ಆರು ತಿಂಗಳಾದರೂ ಗಂಟುನೋವು ಹೋಗಿಲ್ಲ. ಇದಕ್ಕೂ ಮಿತಿ ಮೀರಿದ ಆ ಸಂದೇಶಗಳೇ ಕಾರಣವಾ ಡಾಕ್ಟ್ರೇ?

ಮುಳ್ಳೇರಿಯ: ಮಕ್ಕಳಿಗೆ ಪಪ್ಪಾಯಿ ರಸ ಎಷ್ಟು ಚಮಚ?

ಡಾಕ್ಟರ್: ಮೇಲೆ ಹೇಳಿಯಾಗಿದೆ. ಆ ಫಾರ್ವರ್ಡ್ ಇನ್ನು ಇಲ್ಲಿಗೆ ತರಬೇಡಿ. ಬದಿಯಡ್ಕದ ಅಕ್ಕ, ಹೊರಟಿರಾ?

ನೀರ್ಚಾಲು: ಕಷಾಯದ ಪ್ರಶ್ನೆಗೆ ಉತ್ತರ ಬರಲಿಲ್ಲ.

ಡಾಕ್ಟರ್: ಅಕ್ಕ, ಉತ್ತರ ಕೊಡಿ.

ಬದಿಯಡ್ಕ: ಜೀಪು ಬಂತು ಡಾಕ್ಟ್ರೇ. ಕೈ ತಣ್ಣಗಿದೆ. ಹೊರಟೆವು.