ಪುಸ್ತಕಕ್ಕೆ ಚಿತ್ರ, ಫೋಟೊ ಸಿದ್ಧ ಮಾಡುವುದು ಹೇಗೆ? ಪ್ರಿಪ್ರೆಸ್ (ಅಚ್ಚಿಗೆ ಹೋಗುವ ಮುನ್ನ ಫೈಲ್ ಸಿದ್ಧ ಮಾಡುವ ಕೆಲಸ) ಪ್ರಶ್ನೋತ್ತರ

ಪ್ರಶ್ನೆ: ಸರ್, ನಮ್ಮದು ಎ5 ಅಳತೆಯ ಪುಸ್ತಕ. ಒಳಗೆ ಕಪ್ಪು-ಬಿಳುಪು ಫೋಟೊ, ಟ್ಯಾಬ್ಲೆಟ್‌ನಲ್ಲಿ ಬರೆದ ರೇಖಾಚಿತ್ರಗಳು, ಮಧ್ಯದಲ್ಲಿ ಎಂಟು ಪುಟ ಬಣ್ಣದ ಫೋಟೊ ಇವೆ. ಪ್ರೆಸ್‌ನವರು 300 ಡಿಪಿಐ (ಇಂಚಿಗೆ 300 ಚುಕ್ಕೆ) ಕೇಳುತ್ತಾರೆ, ನಮ್ಮ ಫೋಟೊಗಳೆಲ್ಲ 72 ಅಂತ ತೋರಿಸುತ್ತವೆ. ಫೋಟೊಶಾಪ್‌ನಲ್ಲಿ 72 ಅಳಿಸಿ 300 ಹಾಕಿದರೆ ಆಯಿತಾ?

ಉತ್ತರ (ಪ್ರಿಪ್ರೆಸ್): ಬರೀ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ ಸರ್. ಫೋಟೊದಲ್ಲಿ ಒಟ್ಟು ಎಷ್ಟು ಪಿಕ್ಸೆಲ್ ಇದೆ, ಪುಟದಲ್ಲಿ ಅದು ಎಷ್ಟು ಅಗಲಕ್ಕೆ ಕೂರುತ್ತದೆ ಎಂಬುದಷ್ಟೇ ಲೆಕ್ಕ. ಮಿಲಿಮೀಟರ್ ಅಳತೆಯನ್ನು 25.4ರಿಂದ ಭಾಗಿಸಿ, 300ರಿಂದ ಗುಣಿಸಿ. ಅಂಕಣದ ಅಗಲ 110 ಮಿಮೀ ಇದ್ದರೆ ಸುಮಾರು 1300 ಪಿಕ್ಸೆಲ್ ಬೇಕು. ಪುಟ ತುಂಬ ಬರುವ ಫೋಟೊಗೆ ನಾಲ್ಕೂ ಕಡೆ 3 ಮಿಮೀ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸೇರಿ 154 × 216 ಮಿಮೀ, ಅಂದರೆ 1819 × 2551 ಪಿಕ್ಸೆಲ್.

ಇಮೇಜ್ ಸೈಜ್ ತೆರೆದು ಮೊದಲು 'ರೀಸ್ಯಾಂಪಲ್' ಗುರುತು ತೆಗೆಯಿರಿ. ಆಮೇಲೆ 300 ಹಾಕಿ. ಕೆಳಗೆ ಎಷ್ಟು ಸೆಂಟಿಮೀಟರ್ ತೋರಿಸುತ್ತದೋ ಆ ಫೋಟೊವನ್ನು ಅಷ್ಟು ದೊಡ್ಡದಾಗಿ ಮಾತ್ರ ಅಚ್ಚು ಹಾಕಬಹುದು. 1600 × 1200 ಫೋಟೊ 13.5 × 10.2 ಸೆಂಮೀ ತೋರಿಸುತ್ತದೆ: ಅಂಕಣಕ್ಕೆ ಸಾಕು, ಪೂರ್ತಿ ಪುಟಕ್ಕೆ ಸಾಲದು. ರೀಸ್ಯಾಂಪಲ್ ಗುರುತು ಉಳಿಸಿಕೊಂಡೇ 300 ಹಾಕಿದರೆ ತಂತ್ರಾಂಶ ಇಲ್ಲದ ಪಿಕ್ಸೆಲ್‌ಗಳನ್ನು ಊಹಿಸಿ ತುಂಬುತ್ತದೆ. ಫೈಲ್ ದಪ್ಪವಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ.

300 ಎಂಬುದೂ ಸುಮ್ಮನೆ ಬಂದದ್ದಲ್ಲ. ಚಿತ್ರವನ್ನು ಚುಕ್ಕೆಗಳಾಗಿ ಒಡೆಯುವ, ಇಂಚಿಗೆ 150 ಸಾಲಿನ ಸ್ಕ್ರೀನ್‌ನಲ್ಲಿ ಮುದ್ರಿಸುವಾಗ ಅದರ ಎರಡರಷ್ಟು ಬೇಕೆಂಬ ಲೆಕ್ಕ ಅದು. ಒಳ್ಳೆಯ ಫೋಟೊ 240ಕ್ಕೆ ಇಳಿದರೂ ಕಣ್ಣಿಗೆ ಬೀಳುವುದು ಅಪರೂಪ. ಮುಖ ಇರುವ ಹಳೆಯ ಚಿತ್ರಗಳನ್ನು ಮಾತ್ರ ಎಐ ತಂತ್ರಾಂಶದಿಂದ ಹಿಗ್ಗಿಸಬೇಡಿ. ಅದು ಕಣ್ಣು, ಹಲ್ಲು, ಬೋರ್ಡಿನ ಅಕ್ಷರಗಳನ್ನು ತಾನೇ ಕಲ್ಪಿಸಿ ಬರೆಯುತ್ತದೆ. ದಾಖಲೆಯಾಗಿ ಉಳಿಯಬೇಕಾದ ಪುಸ್ತಕದಲ್ಲಿ ಅದು ತಪ್ಪು. ಚಿತ್ರ ಚಿಕ್ಕದಾಗಿಯೇ ಬರಲಿ.

ಪ್ರಶ್ನೆ: ಫೋಟೊಗಳು ಹೆಚ್ಚಿನವು ವಾಟ್ಸ್ಆ್ಯಪ್‌ನಲ್ಲಿ ಬಂದವು. ಪಿಕ್ಸೆಲ್ ಲೆಕ್ಕ ಸರಿಯಿದೆ, ಆದರೂ ಆಕಾಶ ಚೌಕಚೌಕವಾಗಿ ಕಾಣುತ್ತದೆ.

ಉತ್ತರ (ಪ್ರಿಪ್ರೆಸ್): ಅದು ಜೆಪೆಗ್ ಫೈಲನ್ನು ಕುಗ್ಗಿಸಿದ (ಕಂಪ್ರೆಶನ್) ಗುರುತು. 8 × 8 ಪಿಕ್ಸೆಲ್‌ಗಳ ಚೌಕಗಳು ಎದ್ದು ಕಾಣುತ್ತಿವೆ. ಕಳಿಸಿದವರಿಗೇ ಹೇಳಿ ಮೂಲ ಫೈಲನ್ನು 'ಡಾಕ್ಯುಮೆಂಟ್' ಆಗಿ ಅಥವಾ ಡ್ರೈವ್ ಲಿಂಕ್‌ನಲ್ಲಿ ತರಿಸಿಕೊಳ್ಳಿ. ಕೈಗೆ ಬಂದ ಮೇಲೆ ಒಮ್ಮೆ ಟಿಫ್ ಎಂಬ ಬಗೆಯ ಚಿತ್ರದ ಫೈಲ್ ಆಗಿ ಉಳಿಸಿ (ಎಲ್‌ಝಡ್‌ಡಬ್ಲ್ಯೂ ಕಂಪ್ರೆಶನ್ ಪರವಾಗಿಲ್ಲ, ಅದರಲ್ಲಿ ಏನೂ ಕಳೆಯುವುದಿಲ್ಲ), ತಿದ್ದುವ ಕೆಲಸವನ್ನೆಲ್ಲ ಅದರಲ್ಲೇ ಮಾಡಿ. ಜೆಪೆಗ್ ಅನ್ನು ತಿದ್ದಿ ಮತ್ತೆ ಮತ್ತೆ ಜೆಪೆಗ್ ಆಗಿಯೇ ಉಳಿಸಿದರೆ ಪ್ರತಿ ಸಲವೂ ಸ್ವಲ್ಪ ಸವೆಯುತ್ತದೆ. ವರ್ಡ್ ಫೈಲಿನೊಳಗೆ ಅಂಟಿಸಿದ ಚಿತ್ರವನ್ನೂ ಮೂಲ ಎಂದು ಕೊಡಬೇಡಿ, ವರ್ಡ್ ಅದನ್ನು ಕುಗ್ಗಿಸಿರುವ ಸಾಧ್ಯತೆಯೇ ಹೆಚ್ಚು.

ಕಾಗದದ ಮೇಲಿನ ಹಳೆಯ ಫೋಟೊ ಇದ್ದರೆ ಸ್ಕ್ಯಾನ್ ಮಾಡುವಾಗಲೇ ಹಿಗ್ಗಿಸುವ ಲೆಕ್ಕ ಹಾಕಿ. 5 ಸೆಂಮೀ ಅಗಲದ ಫೋಟೊ 15 ಸೆಂಮೀ ಆಗಬೇಕಾದರೆ ಮೂರು ಪಟ್ಟು, ಹಾಗಾಗಿ 900ರಲ್ಲಿ ಸ್ಕ್ಯಾನ್. ಪತ್ರಿಕೆಯಿಂದಲೋ ಬೇರೆ ಪುಸ್ತಕದಿಂದಲೋ ತೆಗೆದದ್ದಾದರೆ ಸ್ಕ್ಯಾನರಿನ 'ಡಿಸ್ಕ್ರೀನ್' ಆನ್ ಮಾಡಿ. ಇಲ್ಲದಿದ್ದರೆ ಹಳೆಯ ಮುದ್ರಣದ ಚುಕ್ಕೆಗಳ ಮೇಲೆ ಹೊಸ ಚುಕ್ಕೆ ಕೂತು ಬಲೆಯಂಥ ವಿನ್ಯಾಸ ಮೂಡುತ್ತದೆ.

ಪ್ರಶ್ನೆ: ರೇಖಾಚಿತ್ರಗಳನ್ನು 300ರಲ್ಲೇ ಬರೆದಿದ್ದೇನೆ. ಪ್ರೂಫ್‌ನಲ್ಲಿ ಗೆರೆಗಳ ಅಂಚು ಒರಟಾಗಿ, ಮಸುಕಾಗಿ ಬಂದಿದೆ. ಪರದೆಯಲ್ಲಿ ಎಷ್ಟು ನಯವಾಗಿತ್ತು!

ಉತ್ತರ (ಪುಸ್ತಕ ಚಿತ್ರಕಲಾವಿದೆ): ಆ ನಯವೇ ಇಲ್ಲಿ ತೊಂದರೆ. ಗೆರೆಯ ಅಂಚನ್ನು ಪರದೆಯಲ್ಲಿ ಎಂಟು ಪಟ್ಟು ಹಿಗ್ಗಿಸಿ ನೋಡಿ. ಕಪ್ಪಿಗೂ ಬಿಳಿಗೂ ನಡುವೆ ಎರಡು ಮೂರು ಬೂದು ಪಿಕ್ಸೆಲ್ ಇರುತ್ತವೆ. ಕಣ್ಣಿಗೆ ನಯ ಎನಿಸುವುದು ಅವುಗಳಿಂದಲೇ. ಪ್ರೆಸ್‌ನಲ್ಲಿ ಬೂದು ಶಾಯಿ ಇಲ್ಲ, ಬೂದು ಬಂದಲ್ಲೆಲ್ಲ ಚುಕ್ಕೆ ಬೀಳುತ್ತದೆ. ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ಗೆರೆಯ ಅಂಚಿಗೆ ಚುಕ್ಕೆಗಳ ಸಾಲು ಹತ್ತಿಕೊಂಡಿರುತ್ತದೆ. ಹಾಗಾಗಿ ಶುದ್ಧ ಕಪ್ಪು ಗೆರೆಯ ಚಿತ್ರಕ್ಕೆ ಬೂದು ಇಲ್ಲದ 1-ಬಿಟ್ ಬಿಟ್‌ಮ್ಯಾಪ್ ಟಿಫ್ ಬೇಕು, ಅಚ್ಚಿನ ಅಳತೆಯಲ್ಲಿ 1200 ಪಿಪಿಐ (ಇಂಚಿಗೆ 1200 ಪಿಕ್ಸೆಲ್).

110 ಮಿಮೀ ಅಗಲಕ್ಕೆ ಇದು ಸುಮಾರು 5200 ಪಿಕ್ಸೆಲ್. ಅಷ್ಟು ದೊಡ್ಡ ಕ್ಯಾನ್ವಾಸ್‌ನಲ್ಲಿ ಟ್ಯಾಬ್ಲೆಟ್ ಕಡಿಮೆ ಲೇಯರ್ ಕೊಟ್ಟರೆ 600ರಲ್ಲಿ ಬರೆಯಿರಿ. ಆಮೇಲೆ ಫೋಟೊಶಾಪ್‌ನಲ್ಲಿ ಲೇಯರ್‌ಗಳನ್ನು ಒಂದಾಗಿಸಿ, ಗ್ರೇಸ್ಕೇಲ್ (ಬಣ್ಣವಿಲ್ಲದ ಬೂದು ಛಾಯೆ) ಮಾಡಿ, 1200ಕ್ಕೆ ಹಿಗ್ಗಿಸಿ, ಕೊನೆಗೆ ಮೋಡ್‌ನಲ್ಲಿ ಬಿಟ್‌ಮ್ಯಾಪ್, 'ಶೇ 50 ಥ್ರೆಶೋಲ್ಡ್' ಆರಿಸಿ. ತೆಳು ಗೆರೆ ಮಾಯವಾದರೆ ಬಿಟ್‌ಮ್ಯಾಪ್ ಮಾಡುವ ಮೊದಲು ಲೆವೆಲ್ಸ್‌ನಲ್ಲಿ ಸ್ವಲ್ಪ ದಪ್ಪ ಮಾಡಿಕೊಳ್ಳಿ. ಅಚ್ಚಿನ ಅಳತೆಯಲ್ಲಿ 0.25 ಪಾಯಿಂಟ್‌ಗಿಂತ ತೆಳು ಗೆರೆ ಬೇಡ. ಕಪ್ಪಿನ ಮೇಲೆ ಬಿಳಿ ಗೆರೆಯಾದರೆ 0.5 ಇರಲಿ, ಶಾಯಿ ಹರಡಿ ಮುಚ್ಚಿಹೋಗುತ್ತದೆ. ಚಿತ್ರವನ್ನು ಅರ್ಧಕ್ಕೆ ಇಳಿಸಿದರೆ ಗೆರೆಯೂ ಅರ್ಧವಾಗುತ್ತದೆ ಎಂಬುದನ್ನು ಬರೆಯುವಾಗಲೇ ನೆನಪಿಡಿ.

ಪೆನ್ಸಿಲ್, ನೀರುಬಣ್ಣದ ಛಾಯೆ ಇರುವ ಚಿತ್ರಕ್ಕೆ ಇದು ಬೇಡ. ಅದನ್ನು ಫೋಟೊದಂತೆಯೇ ಗ್ರೇಸ್ಕೇಲ್‌ನಲ್ಲಿ ಇಡಿ, 400 ಇದ್ದರೆ ಒಳ್ಳೆಯದು.

ಪ್ರಶ್ನೆ: ಚಿತ್ರದೊಳಗೆ ಕನ್ನಡ ಹೆಸರುಗಳಿವೆ ಮೇಡಂ. ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತಿದೆ.

ಉತ್ತರ (ಪುಸ್ತಕ ಚಿತ್ರಕಲಾವಿದೆ): ಫೋಟೊಶಾಪ್‌ನ ಟೈಪ್ ಆಯ್ಕೆಯಲ್ಲಿ 'ವರ್ಲ್ಡ್-ರೆಡಿ ಲೇಔಟ್', ಇನ್‌ಡಿಸೈನ್‌ನಲ್ಲಿ 'ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ, ಯೂನಿಕೋಡ್ ಫಾಂಟ್ ಬಳಸಿ. ಇನ್ನೂ ಒಳ್ಳೆಯದು, ಚಿತ್ರದಲ್ಲಿ ಅಕ್ಷರ ಬರೆಯಲೇಬೇಡಿ. ಹೆಸರುಗಳನ್ನು ಪುಟವಿನ್ಯಾಸದಲ್ಲಿ ಮೇಲೆ ಕೂರಿಸಿದರೆ ಕರಡು ತಿದ್ದುವುದೂ ಸುಲಭ, ಅಕ್ಷರವೂ ಚೂಪಾಗಿ ಬರುತ್ತದೆ.

ಪ್ರಶ್ನೆ: ಬಣ್ಣದ ಫೋಟೊಗಳನ್ನು ಈಗಲೇ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಯ ಬಣ್ಣಪದ್ಧತಿ) ಮಾಡಿಬಿಡಲಾ? ಇನ್ನೊಂದು, ಕಪ್ಪು-ಬಿಳುಪು ಪ್ರೂಫ್ ಎಲ್ಲ ಕಡುಕಪ್ಪಾಗಿ ಬಂದಿದೆ, ಮುಖಗಳೇ ಕಾಣುತ್ತಿಲ್ಲ.

ಉತ್ತರ (ಪ್ರಿಪ್ರೆಸ್): ಎರಡಕ್ಕೂ ಉತ್ತರ ಒಂದೇ: ಕಾಗದ ಯಾವುದು ಎಂದು ಮೊದಲು ನಿರ್ಧಾರವಾಗಬೇಕು. ಹೊಳಪಿನ ಆರ್ಟ್ ಪೇಪರಿನ ಮೇಲೆ ಶಾಯಿ ನಿಲ್ಲುತ್ತದೆ. ಕೋಟಿಂಗ್ ಇಲ್ಲದ ಕಾಗದ ಶಾಯಿ ಹೀರುತ್ತದೆ, ಚುಕ್ಕೆ ಅಗಲವಾಗುತ್ತದೆ. ಫೈಲಿನಲ್ಲಿ ಶೇ 50 ಇದ್ದ ಬೂದು ಅಂಥ ಕಾಗದದ ಮೇಲೆ ಶೇ 70ರ ಆಸುಪಾಸಿಗೆ ಬರಬಹುದು. ನಿಮ್ಮ ಮುಖಗಳು ಮುಳುಗಿದ್ದು ಅಲ್ಲೇ.

ಫೋಟೊಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ಗ್ರೇ ಪ್ರೊಫೈಲನ್ನು 'ಡಾಟ್ ಗೇನ್ ಶೇ 25' ಅಥವಾ 30 ಮಾಡಿಕೊಳ್ಳಿ (ಡಾಟ್ ಗೇನ್ ಎಂದರೆ ಚುಕ್ಕೆ ಅಗಲವಾಗುವ ಪ್ರಮಾಣ). ಆಮೇಲೆ ಫೋಟೊಗಳನ್ನು 'ಕನ್ವರ್ಟ್ ಟು ಪ್ರೊಫೈಲ್'ನಿಂದ ಬದಲಿಸಿ. 'ಅಸೈನ್' ಬೇಡ, ಅದು ಫೈಲಿನ ಅಂಕಿಗಳನ್ನು ಹಾಗೇ ಬಿಟ್ಟು ತೋರಿಕೆಯನ್ನಷ್ಟೇ ಬದಲಿಸುತ್ತದೆ. ಆಮೇಲೆ ಇನ್ಫೋ ಪ್ಯಾನೆಲ್ ತೆರೆದಿಟ್ಟು ಕರ್ವ್ಸ್ ಮಾಡಿ: ಅತಿ ಬಿಳಿ ಜಾಗ ಶೇ 3ರಿಂದ 5, ಅತಿ ಕಪ್ಪು ಶೇ 90ರ ಸುತ್ತ. ಮುಖದ ಬೆಳಕಿನ ಭಾಗ ಶೇ 20-30ರಲ್ಲಿ ಉಳಿದರೆ ಅಚ್ಚಿನಲ್ಲಿ ಮುಖ ಮುಖವಾಗಿ ಕಾಣುತ್ತದೆ. ಮಾನಿಟರ್ ಪ್ರಖರತೆ ಪೂರ್ತಿ ಏರಿಸಿಟ್ಟು ತಿದ್ದಬೇಡಿ. ಪ್ರಿಂಟ್ ಕಪ್ಪಾಯಿತು ಎಂಬ ದೂರು ಬಹುಪಾಲು ಅಲ್ಲಿಂದಲೇ ಹುಟ್ಟುವುದು.

ಬಣ್ಣದ ಫೋಟೊಗಳ ಮೂಲವನ್ನು ಪರದೆಯ ಕೆಂಪು-ಹಸಿರು-ನೀಲಿ ಪದ್ಧತಿಯಾದ ಆರ್‌ಜಿಬಿಯಲ್ಲೇ ಉಳಿಸಿ, ಪ್ರತಿಯನ್ನು ಮಾತ್ರ ಕೊನೆಯಲ್ಲಿ ಪ್ರೆಸ್‌ನವರು ಕೊಟ್ಟ ಪ್ರೊಫೈಲ್‌ಗೆ ಬದಲಿಸಿ. ಕೋಟೆಡ್ ಕಾಗದಕ್ಕೆ ಫೋಗ್ರಾ39 ಅಥವಾ 51 (ಇವು ಮುದ್ರಣದ ಮಾನಕಗಳು), ಅನ್‌ಕೋಟೆಡ್‌ಗೆ ಫೋಗ್ರಾ52 ಆಧಾರದ ಪ್ರೊಫೈಲ್‌ಗಳು ಬಳಕೆಯಲ್ಲಿವೆ. ಆದರೆ ಕೇಳದೆ ಊಹಿಸಬೇಡಿ. ಬದಲಿಸುವ ಮೊದಲು 'ಪ್ರೂಫ್ ಕಲರ್ಸ್' ಆನ್ ಮಾಡಿ ನೋಡಿ. ಹೊಳೆವ ನೀಲಿ ನೇರಳೆಗೆ ವಾಲುತ್ತದೆ, ಎಳೆ ಹಸಿರು, ಕಿತ್ತಳೆ ಮಂಕಾಗುತ್ತವೆ. ಆ ಬಣ್ಣಗಳು ಶಾಯಿಯಲ್ಲಿ ಸಿಗುವುದೇ ಇಲ್ಲ. ಇದನ್ನು ಲೇಖಕರಿಗೆ ಈಗಲೇ ತೋರಿಸಿ ಒಪ್ಪಿಸಿದರೆ ಅಚ್ಚಾದ ಮೇಲೆ ಜಗಳವಿಲ್ಲ.

ನಾಲ್ಕೂ ಶಾಯಿ ಸೇರಿ ಒಂದೇ ಜಾಗದಲ್ಲಿ ಎಷ್ಟು ಬೀಳಬಹುದು ಎಂಬುದಕ್ಕೂ ಮಿತಿ ಇದೆ, ಸಾಮಾನ್ಯವಾಗಿ ಶೇ 300ರ ಸುತ್ತ. ಮೀರಿದರೆ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಅಕ್ಷರಕ್ಕೆ ಶೇ 100 ಕಪ್ಪು ಒಂದೇ ಸಾಕು. ಆರ್‌ಜಿಬಿ ಕಪ್ಪು ನಾಲ್ಕು ಶಾಯಿಯಾಗಿ ಒಡೆದು, ಯಾವುದಾದರೂ ಶಾಯಿಯ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು ಕಾಣುತ್ತದೆ. ಕಪ್ಪು ಹಿನ್ನೆಲೆಯ ದೊಡ್ಡ ಜಾಗಕ್ಕೆ ಮಾತ್ರ ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಕೊಟ್ಟರೆ ತುಂಬಿ ಬರುತ್ತದೆ.

ಪ್ರಶ್ನೆ: ಎರಡು ಪುಟಕ್ಕೆ ಹರಡಿದ ಗುಂಪು ಫೋಟೊ ಒಂದಿದೆ. ಹಾಕಬಹುದೇ?

ಉತ್ತರ (ಪ್ರಿಪ್ರೆಸ್): ಬೆನ್ನಿಗೆ ಗೋಂದು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಆದರೆ ಬೇಡ ಎನ್ನುತ್ತೇನೆ. ಮಡಿಕೆಯಲ್ಲಿ ಪುಟದ ಒಳ ಅಂಚು ಮುಚ್ಚಿಹೋಗಿ ನಡುವೆ ನಿಂತವರ ಮುಖ ಕಾಣೆಯಾಗುತ್ತದೆ. ಹೊಲಿಗೆ ಬೈಂಡಿಂಗ್‌ನಲ್ಲಿ, ಅದೂ ಫಾರಂನ (ಒಟ್ಟಿಗೆ ಮಡಿಸಿ ಹೊಲಿಯುವ ಪುಟಗಳ ಕಟ್ಟಿನ) ನಟ್ಟನಡುವಿನ ಜೋಡಿ ಪುಟದಲ್ಲಿ ಬಂದರೆ ಚೆನ್ನಾಗಿ ಕೂರುತ್ತದೆ. ಆ ಜೋಡಿ ಯಾವ ಪುಟಸಂಖ್ಯೆಗೆ ಬೀಳುತ್ತದೆ ಎಂದು ಪ್ರೆಸ್‌ನಲ್ಲಿ ಕೇಳಿಕೊಂಡೇ ಪುಟವಿನ್ಯಾಸ ಮಾಡಿಸಿ.

ಪ್ರಶ್ನೆ: ಕೊನೆಗೆ ಫೈಲ್ ಕೊಡುವುದು ಹೇಗೆ ಸರ್?

ಉತ್ತರ (ಪ್ರಿಪ್ರೆಸ್): ಹೆಸರು 'ಅಧ್ಯಾಯ-ಚಿತ್ರಸಂಖ್ಯೆ' ಕ್ರಮದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಖಾಲಿ ಜಾಗವಿಲ್ಲದೆ ಇರಲಿ. ಅಡಿಬರಹಗಳ ಪಟ್ಟಿ ಬೇರೆ ಫೈಲಿನಲ್ಲಿ. ಶಾರ್ಪನ್ ಮಾಡುವುದು ಅಚ್ಚಿನ ಅಳತೆಗೆ ತಂದ ಮೇಲೆ, ಎಲ್ಲಕ್ಕಿಂತ ಕೊನೆಗೆ. ಪಿಡಿಎಫ್ ಅನ್ನು ಪ್ರೆಸ್ ಕೇಳಿದಂತೆ ಎಕ್ಸ್-1ಎ ಅಥವಾ ಎಕ್ಸ್-4 (ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆಗಳು) ಮಾಡಿ. ಅಕ್ರೋಬ್ಯಾಟ್ ಪ್ರೊನ 'ಔಟ್‌ಪುಟ್ ಪ್ರಿವ್ಯೂ' ತೆರೆದು ಕಪ್ಪು ಪ್ಲೇಟಿನ ಗುರುತು ತೆಗೆಯಿರಿ. ಒಳಪುಟಗಳ ಅಕ್ಷರ, ಗೆರೆ, ಕಪ್ಪು-ಬಿಳುಪು ಫೋಟೊ ಪೂರ್ತಿ ಮಾಯವಾಗಬೇಕು. ಏನಾದರೂ ಉಳಿದು ಕಂಡರೆ ಆ ಚಿತ್ರ ಇನ್ನೂ ಬಣ್ಣದ ಫೈಲಾಗಿಯೇ ಇದೆ, ವಾಪಸ್ ಹೋಗಿ ಗ್ರೇಸ್ಕೇಲ್ ಮಾಡಿ ಕೂರಿಸಿ.