ಅಲ್ಫಾಲ್ಫಾ ಬೆಳೆಯೋದು ನಿಜವಾಗಲೂ ಲಾಭಾನಾ? 20 ಗುಂಟೆ ಖಾಲಿ ಇದೆ

ಕೆಂಪುಮಣ್ಣು (ಚಿಂತಾಮಣಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಮೂರು ಸೀಮೆ ಹಸು ಸಾಕಿದ್ದೇನೆ. ಎರಡೂ ಹೊತ್ತು ಸೇರಿ ಡೈರಿಗೆ 30 ಲೀಟರ್ ಹಾಕುತ್ತೇನೆ. ಹಸುವಿಗೆ ದಿನಕ್ಕೆ ನಾಲ್ಕು ಕೆಜಿ ಫೀಡ್, ಅಂದರೆ 50 ಕೆಜಿ ಚೀಲ ನಾಲ್ಕು ದಿನಕ್ಕೆ ಖಾಲಿ. ಬೂಸಾ, ಹಿಂಡಿ ಬೇರೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಸಗಣಿ ಒಂದೇ ಲಾಭ ಅನ್ನಿಸುತ್ತದೆ.

ಯೂಟ್ಯೂಬ್‌ನಲ್ಲಿ ಒಬ್ಬರು ಅಲ್ಫಾಲ್ಫಾ ಅನ್ನೋ ಮೇವು ಹಾಕಿ, ಫೀಡ್ ನಿಲ್ಲಿಸಿ, ಹಾಲು ದುಪ್ಪಟ್ಟು ಅಂದರು. ಬೀಜದ ಅಂಗಡಿಗೆ ಹೋಗಿ ಕೇಳಿದೆ. ಅವನು ನನ್ನ ಮುಖ ನೋಡಿ "ಅಂಥದ್ದು ಇಲ್ಲಣ್ಣ" ಅಂದ. ಟೊಮೆಟೊ ಕಿತ್ತ ಮೇಲೆ 20 ಗುಂಟೆ ಖಾಲಿ ಬಿದ್ದಿದೆ. ಬೋರ್‌ನಲ್ಲಿ ಒಂದೂವರೆ ಇಂಚು ನೀರು. ಪೂರ್ತಿ ಹಾಕಿಬಿಡಲಾ? ಯಾರಾದರೂ ಬೆಳೆದವರು ಇದ್ದರೆ ಹೇಳಿ. ವಿಡಿಯೋ ಲಿಂಕ್ ಬೇಡ, ಅವೆಲ್ಲ ನೋಡಿ ಆಗಿದೆ.

ಹುಲ್ಲುಗಾಡಿ

ಅಣ್ಣ, ಸೂಪರ್ ನೇಪಿಯರ್ ಹುಲ್ಲು ಹಾಕಿ ಆರಾಮಾಗಿರಿ. ಅದರಲ್ಲೇ 18 ಪರ್ಸೆಂಟ್ ಪ್ರೋಟೀನ್ ಇದೆ ಅಂತಾರೆ. ಕಡ್ಡಿ ಬೇಕಿದ್ದರೆ ಕೊಡ್ತೀನಿ.

ಗಡಿಯ ಗುಂಟೆ (ಚಿಕ್ಕೋಡಿ)

ಕೆಂಪುಮಣ್ಣು ಅವರೇ, ಅಂಗಡಿಯಲ್ಲಿ ಅಲ್ಫಾಲ್ಫಾ ಅಂದರೆ ಯಾರಿಗೂ ತಿಳಿಯಲ್ಲ. ಕುದುರೆ ಮೆಂತೆ ಅನ್ನಿ, ಲೂಸರ್ನ್ ಅನ್ನಿ. ಕೆಲವು ಕಡೆ ಕುದುರೆ ಮಸಾಲೆ ಅಂತಲೂ ಕರೆಯುತ್ತಾರೆ. ನಮ್ಮ ಗಡಿ ದಾಟಿದರೆ ಮರಾಠಿಯಲ್ಲಿ ಅದು 'ಲಸೂಣ ಘಾಸ್'. ಲಸೂಣ ಅಂದರೆ ಬೆಳ್ಳುಳ್ಳಿ. ಮೊದಲ ಸಲ ಮಿರಜದಿಂದ ಬೀಜ ತಂದಾಗ ನಮ್ಮ ಅವ್ವ "ಆಕಳಿಗೆ ಬೆಳ್ಳುಳ್ಳಿ ಹಾಕಿದರೆ ಹಾಲು ಯಾರು ಕುಡೀತಾರೋ" ಅಂತ ಎರಡು ದಿನ ಮಾತು ಬಿಟ್ಟಿದ್ದರು. ಬೆಳೆದ ಮೇಲೆ ನೋಡಿದರೆ ಮೆಂತೆ ಸೊಪ್ಪಿನ ಥರಾನೇ ಮೂರು ಎಲೆ. ನೇರಳೆ ಹೂವು ಬಂದಾಗಲೇ ಗೊತ್ತಾಗೋದು, ಇದು ಬೇರೆ ಅಂತ.

ನಾನು ಐದು ವರ್ಷದಿಂದ ಬೆಳೆಯುತ್ತಿದ್ದೇನೆ. 8 ಗುಂಟೆ ಮಾತ್ರ. ಎರಡು ಆಕಳು, ಎರಡು ಎಮ್ಮೆ. ನೀವು ಕೇಳಿದ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಹಾಕಿ, ಆದರೆ 20 ಗುಂಟೆ ಬೇಡ. ಇದನ್ನು ಹುಲ್ಲು ಅಂತ ನೋಡಬೇಡಿ. ಹೊಲದಲ್ಲಿ ಬೆಳೆಯೋ ಹಿಂಡಿ ಅಂತ ನೋಡಿ. ಹೊಟ್ಟೆ ತುಂಬಿಸೋಕೆ ನೇಪಿಯರ್, ಜೋಳದ ಮೇವು, ರಾಗಿ ಹುಲ್ಲು ಇರಲಿ.

ಲೆಕ್ಕ ಹೇಳುತ್ತೇನೆ. ಐದು ಕೆಜಿ ಹಸಿ ಕುದುರೆ ಮೆಂತೆಯಲ್ಲಿ ನಾಲ್ಕು ಕೆಜಿ ನೀರು. ಒಣ ಅಂಶ ಒಂದು ಕೆಜಿ. ಅದರಲ್ಲಿ ಪ್ರೋಟೀನ್ ಶೇ 20ರ ಆಸುಪಾಸು, ಅಂದರೆ ಸುಮಾರು 200 ಗ್ರಾಂ. ನಿಮ್ಮ ಫೀಡ್ ಚೀಲದ ಮೇಲೆ ಶೇ 20 ಪ್ರೋಟೀನ್ ಅಂತ ಬರೆದಿದ್ದರೆ ಒಂದು ಕೆಜಿ ಫೀಡ್‌ನಲ್ಲೂ ಅಷ್ಟೇ 200 ಗ್ರಾಂ. ಐದು ಕೆಜಿ ಸೊಪ್ಪಿಗೆ ಒಂದು ಕೆಜಿ ಫೀಡ್, ಅಷ್ಟೇ ಅದರ ಯೋಗ್ಯತೆ. ಅದೂ ಪ್ರೋಟೀನ್ ಲೆಕ್ಕದಲ್ಲಿ ಮಾತ್ರ. ಶಕ್ತಿಯ ಲೆಕ್ಕದಲ್ಲಿ ಫೀಡೇ ಸ್ವಲ್ಪ ಮೇಲು. ಹಾಗಾಗಿ ಫೀಡ್ ನಿಲ್ಲಿಸಿದೆ, ಹಾಲು ದುಪ್ಪಟ್ಟಾಯ್ತು ಅನ್ನೋದೆಲ್ಲ ಸುಮ್ನೆ. ಹುಲ್ಲುಗಾಡಿ ಅವರ ನೇಪಿಯರ್ ಕೂಡ ಎಂಟು-ಹತ್ತು ಪರ್ಸೆಂಟ್ ದಾಟೋದು ಕಷ್ಟ. ಅದು ಒಳ್ಳೇ ಮೇವು, ಆದರೆ ಅದರ ಕೆಲಸ ಬೇರೆ.

ನನ್ನ 8 ಗುಂಟೆಯಲ್ಲಿ ದಿನಕ್ಕೆ ಸರಾಸರಿ 15 ಕೆಜಿ ಸಿಗುತ್ತದೆ. ಅದರಿಂದ ನಾಲ್ಕೂ ದನ ಸೇರಿ ದಿನಕ್ಕೆ ಮೂರು ಕೆಜಿ ಫೀಡ್ ಕಡಿಮೆ ಮಾಡಿದೆ. ಹದಿನೇಳು ದಿನಕ್ಕೆ ಒಂದು ಚೀಲ ಉಳಿಯಿತು. ಹಾಲು ಜಾಸ್ತಿ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ನಿಮ್ಮ ಮೂರು ಹಸುವಿಗೆ 6 ಗುಂಟೆ ಸಾಕು. ದಿನಕ್ಕೆ ತಲೆಗೆ ನಾಲ್ಕು ಕೆಜಿ ಬರುತ್ತದೆ. ಮಿಕ್ಕ 14 ಗುಂಟೆಗೆ ನೇಪಿಯರ್, ಮುಸುಕಿನ ಜೋಳ ಹಾಕಿ.

ಕೊಯ್ಯೋ ಕ್ರಮಾನೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಎಡವೋದು ಇಲ್ಲೇ. ನಾನು ಹೊಲವನ್ನು 28 ಪಟ್ಟಿ ಮಾಡಿದ್ದೇನೆ. ದಿನಕ್ಕೊಂದು ಪಟ್ಟಿ. ಕೊನೇ ಪಟ್ಟಿ ಮುಗಿಯೋ ಹೊತ್ತಿಗೆ ಮೊದಲನೆಯದು ಮತ್ತೆ ಮೊಣಕಾಲುದ್ದ ಬಂದಿರುತ್ತದೆ. ಅಲ್ಲೊಂದು ಇಲ್ಲೊಂದು ಹೂವು ಕಂಡರೆ ಕುಡಗೋಲು ಹಾಕಬಹುದು. ಪೂರ್ತಿ ಹೂವಾಗೋವರೆಗೆ ಬಿಟ್ಟರೆ ಕಡ್ಡಿ ಗಟ್ಟಿಯಾಗುತ್ತದೆ, ದನ ಎಲೆ ತಿಂದು ಕಡ್ಡಿ ಬಿಡುತ್ತವೆ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ಬುಡಕ್ಕೆ ಹತ್ತಿ ಕೊಯ್ದರೆ ಮೊಳಕೆ ಒಡೆಯೋ ಜಾಗಾನೇ ಹೋಗುತ್ತದೆ. ಕೊಯ್ದ ಪಟ್ಟಿಗೆ ತಡ ಮಾಡದೆ ನೀರು. ಬಿತ್ತಿದ ಮೇಲೆ ಮೊದಲ ಕಟಾವಿಗೆ ಮಾತ್ರ ಎರಡು ತಿಂಗಳು ಕಾಯಬೇಕು. ಬೇರು ಇಳಿಯಲಿ.

ಬಿತ್ತನೆ ಅಕ್ಟೋಬರ್-ನವೆಂಬರ್. ಸಾಲಿನಿಂದ ಸಾಲಿಗೆ ಒಂದಡಿ. ಬೀಜ ಸಾಸಿವೆಗಿಂತ ದೊಡ್ಡದಿಲ್ಲ, ಆಳಕ್ಕೆ ಹೋದರೆ ಮೇಲೆ ಬರಲ್ಲ. ಮೇಲೆ ಮೇಲೆ ಮಣ್ಣು ಎಳೆದರೆ ಸಾಕು. 6 ಗುಂಟೆಗೆ ಒಂದೂವರೆ ಕೆಜಿ. ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯೋ ಜೀವಾಣು) ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿ. ಲೂಸರ್ನ್‌ದೇ ರೈಜೋಬಿಯಂ ಕೇಳಿ ತರಬೇಕು, ಶೇಂಗಾದ್ದು, ಸೋಯಾದ್ದು ನಡೆಯಲ್ಲ. ಗೊಬ್ಬರ ಬಿಟ್ಟರೆ ಮುಕ್ಕಾಲು ಚೀಲ ಸೂಪರ್ ಫಾಸ್ಫೇಟ್. ಯೂರಿಯಾ ಬಿತ್ತುವಾಗ ಎರಡೂವರೆ ಕೆಜಿ, ಆಮೇಲೆ ಬೇಡವೇ ಬೇಡ. ಅದು ಗಾಳಿಯಿಂದಲೇ ಸಾರಜನಕ ಎಳೆದುಕೊಳ್ಳುತ್ತದೆ.

ತಳಿ ನನ್ನದು ಆರ್‌ಎಲ್-88. ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠದ್ದು. ಸರಿಯಾಗಿ ನೋಡಿಕೊಂಡರೆ ಮೂರು ವರ್ಷ ನಿಲ್ಲುತ್ತದೆ.

ಈಗ ನನ್ನ ದಡ್ಡತನ ಕೇಳಿ. ಮೊದಲ ವರ್ಷ ತಂದ ಬೀಜ ಬಿಡಿ ಬೀಜ. ಗೋಣಿಚೀಲದಿಂದ ಅಳೆದು ಕೊಟ್ಟದ್ದು. ಚೀಟಿ ಇಲ್ಲ, ಹೆಸರಿಲ್ಲ, ರೇಟು ಮಾತ್ರ ಕಡಿಮೆ. ಎರಡನೇ ಕಟಾವಿನ ಹೊತ್ತಿಗೆ ಹೊಲದ ನಡುವೆ ಮೊರದಷ್ಟು ಜಾಗದಲ್ಲಿ ಹಳದಿ ದಾರ ಹರಡಿತ್ತು. ಯಾರೋ ಶ್ಯಾವಿಗೆ ಚೆಲ್ಲಿದ ಹಾಗೆ. ಎಲೆ ಇಲ್ಲ, ನೆಲದಲ್ಲಿ ಬೇರಿಲ್ಲ, ಗಿಡಕ್ಕೆ ಸುತ್ತಿಕೊಂಡು ರಸ ಹೀರುತ್ತಿತ್ತು. ಕೈಯಲ್ಲಿ ಕಿತ್ತು ಬದುವಿಗೆ ಎಸೆದೆ. ತುಂಡು ಬಿದ್ದಲ್ಲೆಲ್ಲ ಮತ್ತೆ ಹಬ್ಬಿತು. ಆಮೇಲೆ ತಿಳಿಯಿತು, ಅದು ಕಸ್ಕ್ಯೂಟ. ಬಂಗಾರ ಬಳ್ಳಿ ಅಂತಾರಲ್ಲ, ಅದೇ. ಲೂಸರ್ನ್ ಬೀಜದ ಜೊತೆಗೇ ಬರುತ್ತದೆ. ಕಂಡ ಕೂಡಲೇ ಗಿಡದ ಸಮೇತ ಬುಡಕ್ಕೆ ಕೊಯ್ದು, ಅಲ್ಲೇ ಒಣಹುಲ್ಲು ಹಾಕಿ ಸುಡಬೇಕಂತೆ. ಅಷ್ಟರಲ್ಲಿ ನನ್ನ ಎರಡು ಗುಂಟೆ ಹೋಗಿತ್ತು. ಅದಕ್ಕೇ ಹೇಳೋದು, ಚೀಟಿ ಇರೋ ಬೀಜವನ್ನೇ ತನ್ನಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ.

ಆ ಹಾಳಾದ ತುಂಡನ್ನು ಕಿತ್ತು ಅಲ್ಲೇ ಮತ್ತೆ ಕುದುರೆ ಮೆಂತೆ ಬಿತ್ತಿದೆ. ಅದೂ ತಪ್ಪು. ಹಳೇ ಗಿಡದ ಅಂಶ ಮಣ್ಣಲ್ಲಿ ಉಳಿದು ಅದರದೇ ಸಸಿಯನ್ನು ಏಳೋಕೆ ಬಿಡಲ್ಲ. ಅಲ್ಲಿಗೆ ಗೋವಿನ ಜೋಳ ಹಾಕಿದೆ, ಅರ್ಧ ಯೂರಿಯಾದಲ್ಲೇ ಕಪ್ಪು ಹಸಿರಾಗಿ ಬಂತು.

ನೀರಿನ ವಿಷಯ. ಬೇರು ಆಳ ಹೋಗುತ್ತದೆ, ಬರಗಾಲಕ್ಕೆ ಸಾಯಲ್ಲ ಅಂತಾರೆ. ಸಾಯಲ್ಲ ನಿಜ, ಆದರೆ ಬೆಳೆಯೋದೂ ಇಲ್ಲ! ಸೊಪ್ಪು ಬೇಕಂದರೆ ಚಳಿಗಾಲದಲ್ಲಿ ಹತ್ತು-ಹನ್ನೆರಡು ದಿನಕ್ಕೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬೇಕು. ಒಂದೂವರೆ ಇಂಚಿನಲ್ಲಿ 20 ಗುಂಟೆ ಹಾಕಿದರೆ ಏಪ್ರಿಲ್‌ನಲ್ಲಿ ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ. ಆದರೆ ಜಾಸ್ತಿ ನೀರೂ ಆಗದು. ನೀರು ನಿಂತರೆ ಬುಡ ಕೊಳೆಯುತ್ತದೆ.

ಅಡಿಕೆ ನೆರಳು (ಸಾಗರ)

ಮಲೆನಾಡಿನವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನ್ನ ಹಾಗೆ ಮಾಡಬೇಡಿ. ನಮ್ಮ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.2, ಅಂದರೆ ಹುಳಿ ಮಣ್ಣು. ಕುದುರೆ ಮೆಂತೆಗೆ ಆರೂವರೆಯಿಂದ ಏಳೂವರೆ ಬೇಕು. ನಾನು ಮಣ್ಣು ಪರೀಕ್ಷೆ ಮಾಡಿಸಿದ್ದು ಬಿತ್ತಿದ ಮೇಲೆ! ಸಸಿ ಗೇಣುದ್ದ ಬಂದು ಹಳದಿಯಾಗಿ ನಿಂತವು. ಒಂದು ಗಿಡ ಕಿತ್ತು ನೋಡಿದೆ, ಬೇರಿನಲ್ಲಿ ಗಂಟು ಬೆರಳೆಣಿಕೆಯಷ್ಟು. ಉಗುರಲ್ಲಿ ಒಡೆದರೆ ಒಳಗೆ ಬಿಳಿ. ಗುಲಾಬಿ ಬಣ್ಣ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಸುಣ್ಣ ಹಾಕಿದೆ. ಸ್ವಲ್ಪ ಚೇತರಿಸಿತು. ಜುಲೈ ಮಳೆಗೆ ಎಲ್ಲಾ ಮಂಗಮಾಯ.

ಈಗ ಸ್ಟೈಲೋ ಅನ್ನೋ ದ್ವಿದಳ ಮೇವು ಹಾಕಿದ್ದೇನೆ, ಅದು ಹುಳಿ ಮಣ್ಣಿಗೂ ಹೊಂದಿಕೊಳ್ಳುತ್ತದೆ. ಬೇಲಿಗೆ ಗ್ಲಿರಿಸಿಡಿಯಾ ಇದ್ದೇ ಇದೆ. ಕೆಂಪುಮಣ್ಣು ಅವರೇ, ನಿಮ್ಮ ಕಡೆ ಈ ತೊಂದರೆ ಇರಲಿಕ್ಕಿಲ್ಲ, ಆದರೂ ಮೊದಲು ಮಣ್ಣು ಕೊಟ್ಟು ನೋಡಿ.

ಊರ ಡಾಕ್ಟ್ರು (ಪಶುವೈದ್ಯ)

ಮೇಲಿನವರು ಬೆಳೆಯೋದು ಹೇಳಿದರು, ತಿನ್ನಿಸೋದು ಯಾರೂ ಹೇಳಲಿಲ್ಲ. ಹಸಿದ ಹಸುವಿಗೆ ಬೆಳಿಗ್ಗೆ ಇಬ್ಬನಿ ಹಿಡಿದ ಎಳೇ ಕುದುರೆ ಮೆಂತೆ ಹಾಕಿದರೆ ಹೊಟ್ಟೆ ಉಬ್ಬರ ಗ್ಯಾರಂಟಿ ಅಂದುಕೊಳ್ಳಿ. ಇದು ಬರೀ ಗಾಳಿ ತುಂಬೋದಲ್ಲ. ಮೇವು ಸೋಪಿನ ನೊರೆಯ ಹಾಗೆ ಆಗುತ್ತದೆ, ಗಾಳಿ ಆ ನೊರೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಸುವಿಗೆ ತೇಗೋಕೆ ಆಗಲ್ಲ. ಎಡಗಡೆ ಹೊಟ್ಟೆ ಉಬ್ಬುತ್ತದೆ, ತಟ್ಟಿದರೆ ತಮಟೆ ಸದ್ದು. ಅದು ಒದ್ದಾಡುತ್ತಾ ತನ್ನ ಹೊಟ್ಟೆಯನ್ನೇ ಒದ್ದುಕೊಳ್ಳುತ್ತದೆ. ಗಂಟೆಗಳಲ್ಲಿ ಜೀವ ಹೋಗಬಹುದು.

ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಅವರು ಬರೋವರೆಗೆ ಮುಂಗಾಲು ಎತ್ತರದ ಜಾಗದಲ್ಲಿರೋ ಹಾಗೆ ನಿಲ್ಲಿಸಿ. ಅರ್ಧ ಲೀಟರ್‌ವರೆಗೆ ಕಡಲೆಕಾಯಿ ಎಣ್ಣೆ ನಿಧಾನವಾಗಿ ಕುಡಿಸಬಹುದು, ನೊರೆ ಒಡೆಯುತ್ತದೆ. ಆದರೆ ನಾಲಿಗೆ ಹಿಡಿದೆಳೆದು ಗೊಟ್ಟದಲ್ಲಿ ಒಂದೇ ಸಲ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಅದೇ ಇನ್ನೊಂದು ರೋಗ.

ಬರದ ಹಾಗೆ ನೋಡಿಕೊಳ್ಳೋದು ಸುಲಭ. ಮೊದಲು ಒಣ ರಾಗಿ ಹುಲ್ಲು ಹಾಕಿ. ಬೆಳಿಗ್ಗೆ ಕೊಯ್ದದ್ದನ್ನು ಬಾಡಿಸಿ ಮಧ್ಯಾಹ್ನ ಕೊಡಿ. ನೇಪಿಯರ್ ಜೊತೆ ಕತ್ತರಿಸಿ ಬೆರೆಸಿ. ಶುರುವಿನಲ್ಲಿ ಒಂದು ಕೆಜಿ, ಹತ್ತು ದಿನದಲ್ಲಿ ನಿಧಾನವಾಗಿ ಏರಿಸಿ.

ಇನ್ನೊಂದು ಮಾತು. ಕರು ಹಾಕೋಕೆ ಎರಡು-ಮೂರು ವಾರ ಇರೋ ಹಸುವಿಗೆ ಇದನ್ನು ನಿಲ್ಲಿಸಿ. ಇದರಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ), ಪೊಟ್ಯಾಷ್ ಎರಡೂ ಜಾಸ್ತಿ. ಆಗ ಹೊರಗಿನಿಂದ ಸಿಗುತ್ತಲೇ ಇದ್ದರೆ ಹಸು ತನ್ನ ಮೂಳೆಯಿಂದ ಸುಣ್ಣ ತೆಗೆಯೋದನ್ನು ಮರೆಯುತ್ತದೆ. ಕರು ಹಾಕಿದ ದಿನ ಹಾಲಿಗೆ ಒಮ್ಮೆಲೇ ಬೇಕಾದಾಗ ಸಿಗಲ್ಲ, ಮಲಗಿಬಿಡುತ್ತದೆ. ಹಾಲು ಜ್ವರ ಅನ್ನೋದು ಅದನ್ನೇ. ಕರು ಹಾಕಿದ ಮೇಲೆ ಧಾರಾಳವಾಗಿ ಕೊಡಿ, ಆಗ ಅದೇ ಸುಣ್ಣ ಬೇಕು.

ಗಡಿಯ ಗುಂಟೆ (ಚಿಕ್ಕೋಡಿ)

ಡಾಕ್ಟ್ರೇ, ನಿಮ್ಮ ಮಾತು ಓದುವಾಗ ಮೈ ಜುಮ್ಮೆಂದಿತು. ಹೋದ ಶ್ರಾವಣದಲ್ಲಿ ನಮ್ಮ ಕೆಂದಾಕಳು ರಾತ್ರಿ ಕಣ್ಣಿ ಹರಿದುಕೊಂಡು ಹೊಲಕ್ಕೆ ನುಗ್ಗಿತ್ತು. ಬೆಳಕು ಹರಿದು ನೋಡಿದರೆ ಎರಡು ಪಟ್ಟಿ ಬೋಳು, ಆಕಳು ಮಾತ್ರ ಡೊಳ್ಳು. ಅವ್ವ ಶೇಂಗಾ ಎಣ್ಣೆ ಕುಡಿಸಿದರು, ಡಾಕ್ಟರ್ ಬರೋ ಹೊತ್ತಿಗೆ ಒಂದು ದೊಡ್ಡ ತೇಗು ಬಂತು. ಆ ಸದ್ದಿಗೆ ಅವ್ವ ಕೈ ಮುಗಿದರು. ಈಗ ಕಣ್ಣಿಯ ಬದಲು ಸರಪಳಿ.

ಕೆಂಪುಮಣ್ಣು (ಚಿಂತಾಮಣಿ ತಾಲ್ಲೂಕು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಗರದ ಅಕ್ಕನೋ ಅಣ್ಣನೋ ಗೊತ್ತಿಲ್ಲ, ನಿಮ್ಮ ಮಾತು ಕೇಳಿ ಇವತ್ತೇ ಮಣ್ಣು ತೆಗೆದು ಚೀಲಕ್ಕೆ ಹಾಕಿದೆ. 6 ಗುಂಟೆ ಅಂತ ತೀರ್ಮಾನ ಆಯ್ತು. ಬೋರ್ ಪಕ್ಕದ ಜಾಗ ಸ್ವಲ್ಪ ಎತ್ತರ, ನೀರು ನಿಲ್ಲಲ್ಲ.

ಎರಡು ಸಣ್ಣ ಪ್ರಶ್ನೆ. ಡೈರಿಯಲ್ಲಿ ನನ್ನ ಹಾಲಿಗೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರೋ ಘನ ಅಂಶ) 8.5 ಬರದೆ ಆಗಾಗ ರೇಟು ಇಳಿಸುತ್ತಾರೆ. ಇದರಿಂದ ಅದು ಏರುತ್ತಾ? ಮತ್ತೆ ಕಳೆ ಕೀಳೋದು ಎಷ್ಟು ಸಲ? ಇಲ್ಲಿ ಆಳು ಸಿಗಲ್ಲ.

ಊರ ಡಾಕ್ಟ್ರು (ಪಶುವೈದ್ಯ)

ಇದೊಂದರಿಂದಲೇ ಏರುತ್ತೆ ಅಂತ ಹೇಳಲ್ಲ. ಹಸುವಿಗೆ ಶಕ್ತಿ ಸಾಲದೆ ಎಸ್‌ಎನ್‌ಎಫ್ ಬೀಳೋದೇ ಜಾಸ್ತಿ. ಸೊಪ್ಪು ಕೊಟ್ಟೆ ಅಂತ ಜೋಳದ ನುಚ್ಚು ನಿಲ್ಲಿಸಬೇಡಿ. ಖನಿಜ ಮಿಶ್ರಣ ದಿನಾ ಕೊಡಿ, ಕುದುರೆ ಮೆಂತೆಯಲ್ಲಿ ಸುಣ್ಣ ಇದ್ದಷ್ಟು ರಂಜಕ ಇಲ್ಲ.

ಗಡಿಯ ಗುಂಟೆ (ಚಿಕ್ಕೋಡಿ)

ಕಳೆ ಮೊದಲ ಒಂದೂವರೆ ತಿಂಗಳಲ್ಲಿ ಎರಡು ಸಲ. ಅದು ಸೊಂಟ ಮುರಿಯೋ ಕೆಲಸ, ಸುಳ್ಳು ಹೇಳಲ್ಲ. ನನ್ನ ಹೆಂಡತಿ ಎರಡನೇ ಸಲ ಕೂತು ಕಿತ್ತು ಎದ್ದು, "ಫೀಡ್ ಚೀಲಾನೇ ಅಗ್ಗ ಇತ್ತು" ಅಂದಳು. ಮೂರನೇ ಕಟಾವಿನಿಂದ ಮೆಂತೆಯೇ ಕಳೆಯನ್ನು ಮುಚ್ಚಿಬಿಡುತ್ತದೆ. ಗಿಡಕ್ಕೆ ಹೇನು ಬಿದ್ದರೆ ಔಷಧಿ ಹೊಡೆಯೋಕೆ ಹೋಗಬೇಡಿ, ದನ ತಿನ್ನೋ ಸೊಪ್ಪು. ಆ ಪಟ್ಟಿ ಬೇಗ ಕೊಯ್ದುಬಿಡಿ, ಚಿಗುರು ಚೊಕ್ಕ ಬರುತ್ತದೆ.

ಬೀಜ ಕೊಳ್ಳೋ ಮೊದಲು ಚೀಲದ ಚೀಟಿಯ ಫೋಟೋ ಇಲ್ಲಿ ಹಾಕಿ. ದುಡ್ಡು ಕೊಟ್ಟ ಮೇಲೆ ಅಲ್ಲ.